ಬೆನೋನಿ ಅಂತ ಕರೆಯಬೇಡಿ

ಪ್ರಿಯರೇ, ಆದಿಕಾಂಡ 35:18 ತೆರೆಯಿರಿ. ರಾಹೇಲಳು ಹೆರಿಗೆಯಲ್ಲೇ ಪ್ರಾಣ ಬಿಡುತ್ತಿದ್ದಾಳೆ. ಮಗುವಿಗೆ ಬೆನೋನಿ ಅಂತ ಹೆಸರಿಟ್ಟಳು, ಅಂದ್ರೆ ನನ್ನ ದುಃಖದ ಮಗ. ಅವಳ ನೋವು ಸುಳ್ಳಲ್ಲ. ಆದ್ರೆ ಯಾಕೋಬ ಆ ಹೆಸರು ಉಳಿಸಲಿಲ್ಲ. ಬೆನ್ಯಾಮೀನ ಅಂತ ಕರೆದ, ಬಲಗೈಯ ಮಗ. ಮೊದಲನೇ ಹೆಸರೇ ಉಳಿದಿದ್ದರೆ? ಆ ಹುಡುಗನನ್ನು ಊಟಕ್ಕೆ ಕೂಗಿದಾಗಲೆಲ್ಲ ತಾಯಿಯ ಸಾವನ್ನು ನೆನಪಿಸಿದ ಹಾಗೆ.

ಅಮೆರಿಕದ ಮಿಶಿಗನ್‌ನಲ್ಲಿ 1930ರಲ್ಲಿ ಒಂದೇ ಹೆರಿಗೆಯಲ್ಲಿ ನಾಲ್ಕು ಹೆಣ್ಣುಮಕ್ಕಳು ಹುಟ್ಟಿದರು. ನಾಲ್ವರದೂ ಒಂದೇ ರೂಪ. ವಯಸ್ಸು 24 ಆಗುವಷ್ಟರಲ್ಲಿ ನಾಲ್ವರಿಗೂ ಸ್ಕಿಜೋಫ್ರೇನಿಯಾ. ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ, ಎನ್.ಐ.ಎಂ.ಎಚ್. (ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್ ಅಲ್ಲ), ಅವರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಅಧ್ಯಯನ ಮಾಡಿತು. ಗುರುತು ಮರೆಸಲು ಬೇರೆ ಹೆಸರು ಕೊಟ್ಟರು: ನೋರಾ, ಐರಿಸ್, ಮೈರಾ, ಹೆಸ್ಟರ್. ಇಂಗ್ಲಿಷಿನ ಮೊದಲಕ್ಷರ ಕೂಡಿಸಿ ನೋಡಿ, ಸಂಸ್ಥೆಯ ಹೆಸರೇ! ಮನೆತನದ ಹೆಸರು ಜಿನೇನ್. ಗ್ರೀಕ್ ಮೂಲದಲ್ಲಿ ಅದಕ್ಕೆ ಭಯಂಕರ ಜನನ ಅಂತ ಅರ್ಥ. ಕುಟುಂಬವನ್ನು ಕಾಪಾಡುವ ಉದ್ದೇಶ ಸರಿಯೇ. ಆದರೂ ಓದಿದಾಗ ನನಗೆ ಕಸಿವಿಸಿ ಆಯ್ತು. ಇದು ಬೆನೋನಿಯೇ ಅಲ್ವಾ?

ಇನ್ನೊಂದು ಗಮನಿಸಿ. ನಾಲ್ವರ ವಂಶವಾಹಿ ಒಂದೇ, ಆದ್ರೆ ಬಾಳು ಒಂದೇ ಆಗಲಿಲ್ಲ. ಹೆಸ್ಟರ್ ತುಂಬಾ ನರಳಿದಳು. ಮೈರಾ ಕೆಲಸಕ್ಕೆ ಹೋದಳು, ಮದುವೆಯಾದಳು, ಮಕ್ಕಳನ್ನು ಹೆತ್ತಳು. ಆ ಮನೆತನದ ಹೆಸರು ಕೇಳಿ ಯಾರಾದ್ರೂ ಇದನ್ನು ಊಹಿಸಲು ಸಾಧ್ಯವಿತ್ತಾ?

ನಮ್ಮಲ್ಲೂ ನಡೆಯುತ್ತೆ. "ಆ ಮನೆಯಾ? ಅವರ ಅಣ್ಣನಿಗೆ ತಲೆ ಸರಿಯಿಲ್ಲವಂತೆ." ಅಷ್ಟೇ, ತಂಗಿಯ ಸಂಬಂಧ ಮುರಿದುಬಿತ್ತು. ಆಮೇಲೆ ಅಣ್ಣನನ್ನು ಒಳಗಿನ ಕೋಣೆಗೆ ಕಳಿಸ್ತಾರೆ, ಫ್ಯಾಮಿಲಿ ಫೋಟೋದಲ್ಲೂ ಇರಲ್ಲ. ಸಭೆಯಲ್ಲಂತೂ ಇನ್ನೊಂದು ಹೆಸರು ರೆಡಿ ಇರುತ್ತೆ: ದೆವ್ವ ಹಿಡಿದವನು. ನಾನು ಬಿಡುಗಡೆಯ ಸೇವೆಯನ್ನು ನಂಬುತ್ತೇನೆ, ಪ್ರಿಯರೇ. ಆದ್ರೆ ಮಾರ್ಕ 1:32 ಸರಿಯಾಗಿ ಓದಿ, ಅಲ್ಲಿ ರೋಗಿಗಳು ಬೇರೆ, ದೆವ್ವ ಹಿಡಿದವರು ಬೇರೆ. ಸ್ಕಿಜೋಫ್ರೇನಿಯಾ ರೋಗ. ಅದಕ್ಕೆ ಡಾಕ್ಟರ್ ಇದ್ದಾರೆ, ಮಾತ್ರೆ ಇದೆ. ಕೈ ಇಟ್ಟು ಪ್ರಾರ್ಥಿಸಿ, ಉಪವಾಸ ಮಾಡಿ. "ನಂಬಿಕೆ ಇದ್ರೆ ಮಾತ್ರೆ ಬಿಡು" ಅಂತ ಮಾತ್ರ ಈ ಸಭೆಯಲ್ಲಿ ಯಾರೂ ಹೇಳಕೂಡದು. ಹೇಳಿದವರು ನನ್ನ ಹತ್ರ ಬಂದು ಮಾತಾಡಿ.

ಕಣ್ಣು ಮುಚ್ಚೋಣ. ನಿಮ್ಮ ಅಣ್ಣ ಇರಬಹುದು, ಚಿಕ್ಕಮ್ಮ ಇರಬಹುದು, ನೀವೇ ಇರಬಹುದು. ರೋಗದ ಹೆಸರು ಬೇಡ. ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕರ್ತನಿಗೆ ಹೇಳಿ. ಜೋರಾಗಿ ಬೇಕಿಲ್ಲ. ಕೀಬೋರ್ಡ್ ಸ್ವಲ್ಪ ಮೆಲ್ಲಗೆ, ತಮ್ಮಾ.