ಕುರ್ಚಿಯೊಂದಿರಲಿ

ಬೆಳಿಗ್ಗೆ ಠಾಣೆ ಸ್ಟೇಷನ್ನಿನಿಂದ ವಾಗ್ಳೆ ಎಸ್ಟೇಟಿನ ಕಡೆ ಹೊರಡುವ ರಿಕ್ಷಾ, ಬಸ್ಸುಗಳಲ್ಲಿ ಕೃತಕ ಕಾಲಿನವರೂ ನಮ್ಮ ಪಕ್ಕದಲ್ಲೇ ಕುಳಿತಿರುತ್ತಾರೆ. ರೈಲು ಹಳಿಯ ಅಪಘಾತ, ಕಾರ್ಖಾನೆಯ ಯಂತ್ರ, ಸಕ್ಕರೆ ಕಾಯಿಲೆ, ಹೀಗೆ ಒಬ್ಬೊಬ್ಬರದು ಒಂದೊಂದು ಕಾರಣ. ಅವರು ನಡೆಯುವುದನ್ನು ಕಂಡು ಮೆಚ್ಚಿಕೊಳ್ಳುತ್ತೇವೆ. ಆ ನಡಿಗೆಗೂ ಮುಂಚೆ ಮನೆಯಲ್ಲಿ ಆದ ಕೆಲಸ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಕಾಲಿನ ಉಳಿದ ಭಾಗಕ್ಕೂ ಅದು ಕೂರುವ ಕೃತಕ ಕಾಲಿನ ಸಾಕೆಟ್ಟಿಗೂ ನಡುವೆ ಚರ್ಮ ಕಾಯಲು ಮೆತ್ತನೆಯ ಲೈನರ್ ಬೇಕು. ಕಾಲುಚೀಲದಂತೆ ಎಳೆದುಕೊಂಡರೆ ಕೆಟ್ಟಿತು. ಕುಳಿತುಕೊಂಡು, ಒಳಮಗ್ಗುಲು ಹೊರಗಾಗುವಂತೆ ಪೂರ್ತಿ ಮಗುಚಿ, ತಳವನ್ನು ಕಾಲಿನ ತುದಿಗೆ ಗಾಳಿ ಉಳಿಯದಂತೆ ಒತ್ತಿ ಹಿಡಿದು, ಅಂಗೈಯಿಂದ ಮೆಲ್ಲಗೆ ಮೇಲಕ್ಕೆ ಉರುಳಿಸುತ್ತ ಹೋಗಬೇಕು. ಉಗುರು ತಾಗಿದರೆ ಹರಿಯುತ್ತದೆ. ತುದಿಯಲ್ಲಿ ಪಿನ್ ಇದ್ದರೆ ಅದು ಕಾಲಿನ ನೇರಕ್ಕೇ ನಿಲ್ಲಬೇಕು. ಒಂದು ಸುಕ್ಕು ಉಳಿದರೂ ಮಧ್ಯಾಹ್ನದ ಹೊತ್ತಿಗೆ ಬೊಬ್ಬೆ ಏಳಬಹುದು. 1968ರಲ್ಲಿ ರೂಪುಗೊಂಡ ಜೈಪುರ ಕಾಲು ಹಾಕುವವರು ಹೆಚ್ಚಾಗಿ ಬಟ್ಟೆಯ ಚೀಲವನ್ನೇ ಬಳಸುತ್ತಾರೆ. ಸುಕ್ಕಿನ ಎಚ್ಚರ ಅವರಿಗೂ ತಪ್ಪಿದ್ದಲ್ಲ. ಇದಕ್ಕೆಲ್ಲ ವ್ಯವಧಾನ ಬೇಕು. ಗಡಿಯಾರ ನೋಡುತ್ತ ಆಗುವ ಕೆಲಸವಲ್ಲ.

ಸಿಲಿಕೋನ್ ಲೈನರನ್ನು 1980ರ ದಶಕದಲ್ಲಿ ಬಳಕೆಗೆ ತಂದವರು ಐಸ್‌ಲ್ಯಾಂಡಿನ ಓಸುರ್ ಕ್ರಿಸ್ಟಿನ್ಸನ್. ಅವರದು ಚಳಿಯ ನಾಡು. ನಮ್ಮ ಠಾಣೆಯ ಸೆಕೆಯಲ್ಲಿ ಒಳಗೆ ಬೆವರು ಕೂಡುತ್ತದೆ, ಲೈನರ್ ಜಾರುತ್ತದೆ. ಹಗಲಲ್ಲಿ ಒಮ್ಮೆಯಾದರೂ ತೆಗೆದು, ಕಾಲನ್ನೂ ಲೈನರನ್ನೂ ಒರೆಸಿ ಮತ್ತೆ ಹಾಕಿಕೊಂಡರೆ ಹಿತ. ರಾತ್ರಿ ಸೌಮ್ಯ ಸಾಬೂನಿನಿಂದ ತೊಳೆದು, ಸಾಬೂನು ಉಳಿಯದಂತೆ ಜಾಲಿಸಿ, ನೆರಳಲ್ಲಿ ಒಣಗಿಸಬೇಕು. ಮಳೆಗಾಲದಲ್ಲಿ ಒಂದೇ ಲೈನರ್ ಇರುವವರ ಪಾಡು ಕಷ್ಟ; ಅದು ಒಣಗುವ ಮೊದಲೇ ಬೆಳಗಾಗಿರುತ್ತದೆ.

ಆದರೆ ಕೆಲಸದ ನಡುವೆ ತೆಗೆಯುವುದೆಲ್ಲಿ? ಶೌಚಾಲಯದ ಒದ್ದೆ ನೆಲದ ಮೇಲೆ, ಒಂಟಿ ಕಾಲಲ್ಲಿ ಗೋಡೆಗೆ ಆನಿಕೊಂಡೇ? ಇಎಸ್ಐ ವಿಮೆ ಇರುವ ಕಾರ್ಮಿಕರಿಗೆ ಕೃತಕ ಅಂಗ ಕೊಡಿಸುವ ವ್ಯವಸ್ಥೆ ಇದೆ. ಕುಳಿತು ಅದನ್ನು ಸರಿಪಡಿಸಿಕೊಳ್ಳಲು ಜಾಗ ಕೊಡಬೇಕಾದವರು ಮಾತ್ರ ಜೊತೆಯಲ್ಲಿ ದುಡಿಯುವ ನಾವೇ. ಈ ಭಾಗದಲ್ಲಿ ಹೋಟೆಲು, ವರ್ಕ್‌ಶಾಪು, ಆಫೀಸು ನಡೆಸುವ ಕನ್ನಡಿಗರು ಅನೇಕರಿದ್ದೀರಿ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಮೂಲೆ, ಕೈಯಿರುವ ಗಟ್ಟಿ ಕುರ್ಚಿ, ಒಣ ಟವೆಲು, ಇಷ್ಟು ಮಾಡಿ. ಮನೆಯಲ್ಲಿ ಅಂಥವರಿದ್ದರೆ ಬೆಳಿಗ್ಗೆ ಅವಸರ ಮಾಡಬೇಡಿ. ಅವರು ಕೇಳದೆ ಕೈಹಾಕಲೂ ಬೇಡಿ.