ಅಪ್ಪಣೆ ಮತ್ತು ಅಂತಃಸಾಕ್ಷಿ

ಇನ್ನೊಬ್ಬರ ಅಪ್ಪಣೆಯಂತೆ ನಡೆಯುವವನು ಸ್ವತಂತ್ರನಾಗಿರಬಲ್ಲನೆ? ಪ್ರಶ್ನೆ ಹಳೆಯದು. ಮನೆಯಲ್ಲಿ ಹಿರಿಯರ, ಶಾಲೆಯಲ್ಲಿ ಗುರುಗಳ, ಕಚೇರಿಯಲ್ಲಿ ಮೇಲಧಿಕಾರಿಯ ಮಾತಿಗೆ ತಲೆಬಾಗಿಯೇ ನಾವೆಲ್ಲರೂ ಬಾಳಿನ ಬಹುಭಾಗವನ್ನು ಕಳೆಯುತ್ತೇವೆ. ಆದರೆ ಈ ಪ್ರಶ್ನೆಯ ಮೊನೆ ನಿಜವಾಗಿ ತಾಗುವುದು, ಹದಿನೆಂಟರ ಆಸುಪಾಸಿನ ಮಗನೋ ಮಗಳೋ ಸೈನ್ಯದ ಅಕಾಡೆಮಿಗೆ ಸೇರುವೆನೆಂದು ಮನೆಯಲ್ಲಿ ಹೇಳಿದಾಗ. ಪ್ರಾಣದ ಅಂಜಿಕೆಯನ್ನು ತಾಯಿತಂದೆಗಳು ಬಾಯಿಬಿಟ್ಟು ಆಡುತ್ತಾರೆ. ಆಡದೆ ಉಳಿಯುವ ಅಂಜಿಕೆ ಇನ್ನೊಂದಿದೆ: ನಾವು ಬೆಳೆಸಿದ ಕೂಸು ತಾನಾಗಿಯೇ ಮರಳುವುದೆ, ಹೇಳಿದ್ದನ್ನಷ್ಟೇ ಮಾಡುವ ಯಂತ್ರವಾಗಿ ಮರಳುವುದೆ?

ಸೊಲ್ಲಾಪುರ ಸೀಮೆಯ ಕನ್ನಡಿಗರಾದ ನಮಗೆ ಇದು ದೂರದ ಮಾತಲ್ಲ. ಪುಣೆಯ ಆಚೆ, ಖಡಕವಾಸಲಾ ಜಲಾಶಯದ ಬದಿಯಲ್ಲಿ, ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. 1949ರಲ್ಲಿ ಅದಕ್ಕೆ ಅಡಿಗಲ್ಲಿಟ್ಟರು. 1955ರ ಜನವರಿಯಲ್ಲಿ ಅದು ಉದ್ಘಾಟನೆಯಾಯಿತು. ಭೂಸೇನೆ, ನೌಕಾಸೇನೆ, ವಾಯುಸೇನೆಗಳಿಗೆ ಹೋಗಬೇಕಾದ ಕೆಡೆಟ್‌ಗಳು ಅಲ್ಲಿ ಮೂರು ವರ್ಷ, ಅಂದರೆ ಆರು ಟರ್ಮುಗಳ ಕಾಲ, ಒಂದೇ ಅನ್ನ ಉಂಡು ಒಂದೇ ಶಿಸ್ತಿನಲ್ಲಿ ಬೆಳೆಯುತ್ತಾರೆ.

ಅವರ ದಿನಚರಿಯನ್ನು ನೋಡಿದರೆ ನಮ್ಮ ಅಂಜಿಕೆ ಮೊದಲಿಗೆ ಹೆಚ್ಚುತ್ತದೆ. ಬೆಳಕು ಹರಿಯುವ ಮೊದಲೇ ಏಳಬೇಕು. ಕ್ಷೌರ ಮಾಡಿಕೊಂಡು, ಉಡುಪು ತೊಟ್ಟು, ಸಾಲಿನಲ್ಲಿ ನಿಲ್ಲಬೇಕು, ತಲೆಯೆಣಿಕೆ ಆಗಬೇಕು. ಆಮೇಲೆ ವ್ಯಾಯಾಮ ಅಥವಾ ಕವಾಯತು. ಈಜು, ಕುದುರೆ ಸವಾರಿಗಳೂ ಕಲಿಕೆಯ ಭಾಗವೇ. ಉಪಾಹಾರ ಮುಗಿಯುತ್ತಲೇ ಸೈಕಲ್ಲುಗಳ ಮೇಲೆ ಸಾಲುಸಾಲಾಗಿ ತರಗತಿಗಳಿಗೆ ಹೊರಡಬೇಕು. ಅಲ್ಲಿ ವಿಜ್ಞಾನ, ಇತಿಹಾಸ, ಭಾಷೆಗಳ ಪಾಠ. ಕೊನೆಗೆ ದೊರೆಯುವುದು ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪದವಿ. ಸಂಜೆ ಆಟ, ಇರುಳು ಓದು, ನಿಗದಿಯಾದ ಹೊತ್ತಿಗೆ ದೀಪ ಆರಿಸುವುದು. ವ್ಯಾಯಾಮಕ್ಕೊಂದು, ಕವಾಯತಿಗೊಂದು, ಆಟಕ್ಕೊಂದು, ಊಟಕ್ಕೊಂದು ಉಡುಪು. ಒಂದನ್ನು ಕಳಚಿ ಇನ್ನೊಂದನ್ನು ತೊಡಲು ಸಿಗುವುದು ನಿಮಿಷಗಳ ಲೆಕ್ಕ. ತಡವಾದರೆ ದಂಡನೆ. ಒಬ್ಬನ ತಪ್ಪಿಗೆ ಜೊತೆಯವರೆಲ್ಲರೂ ಬೆವರು ಸುರಿಸುವುದೂ ಉಂಟು. ಇಂಥ ದಿನದಲ್ಲಿ ಆ ಹುಡುಗ ತನಗಾಗಿ ಆರಿಸಿಕೊಳ್ಳುವುದು ಏನು ಉಳಿಯಿತು?

ಮೇಲುನೋಟಕ್ಕೆ ಏನೂ ಉಳಿಯಲಿಲ್ಲ. ಆದರೆ ಶಿಸ್ತಿನ ಬೆಲೆಯನ್ನು ಅದು ಕಸಿದುಕೊಂಡ ಆಯ್ಕೆಗಳಿಂದ ಅಳೆಯುವುದು ಅರ್ಧ ಲೆಕ್ಕ. ಹೆಚ್ಚು ಹೊತ್ತು ಮಲಗುವುದು, ಬೇಸರವಾದರೆ ಕೆಲಸ ಬಿಡುವುದು, ಸಿಟ್ಟು ಬಂದರೆ ಸಿಡುಕುವುದು ಇವನ್ನು ನಾವು ಸ್ವಾತಂತ್ರ್ಯವೆಂದು ಕರೆಯುತ್ತೇವೆ. ಹಾಗೆ ನಡೆಯುವಾಗಲೂ ನಾವು ಅಪ್ಪಣೆಯನ್ನೇ ಪಾಲಿಸುತ್ತಿರುತ್ತೇವೆ. ಅಪ್ಪಣೆ ಕೊಡುವುದು ನಿದ್ದೆ, ಆಲಸ್ಯ, ಕೋಪ, ಭಯ. ದಣಿದ ದೇಹ ಬೇಡವೆನ್ನುವಾಗ ಎದ್ದು ನಿಲ್ಲಲು ಕಲಿತವನು ಈ ಒಡೆಯರ ಕೈಯಿಂದ ತುಸುವಾದರೂ ಬಿಡುಗಡೆ ಪಡೆದಿರುತ್ತಾನೆ. ಅಂಥವನಿಗೆ ಮಾತ್ರವೇ ಮುಂದೊಂದು ದಿನ ಸರಿಯಾದುದನ್ನು ಆರಿಸಿಕೊಳ್ಳುವ ಬಲ ಇದ್ದೀತು. ಏಕೆಂದರೆ ಸರಿ ಯಾವುದೆಂದು ತಿಳಿದೂ ಮಾಡಲಾರದ ಸಂಕಟವೇ ಮನುಷ್ಯರಲ್ಲಿ ಹೆಚ್ಚು.

ಆದರೂ ಬಲ ಬೇರೆ, ಧರ್ಮ ಬೇರೆ. ಚೆನ್ನಾಗಿ ಮಸೆದ ಕತ್ತಿ ಯಾರ ಕೈಗೆ ಸಿಕ್ಕರೂ ಕೊಯ್ಯುತ್ತದೆ. ಎರಡನೆಯ ಮಹಾಯುದ್ಧದ ಬಳಿಕ ನ್ಯೂರೆಂಬರ್ಗಿನಲ್ಲಿ ವಿಚಾರಣೆಗೆ ನಿಂತವರಲ್ಲಿ ಶಿಸ್ತಿಗೆ ಹೆಸರಾದ ಸೇನಾಧಿಕಾರಿಗಳೂ ಇದ್ದರು. ಮೇಲಿನವರ ಅಪ್ಪಣೆಯಂತೆ ನಡೆದೆವೆಂಬ ಮಾತು ಅಪರಾಧದ ಹೊಣೆಯನ್ನು ಅಳಿಸದು ಎಂಬುದೇ ಆ ನ್ಯಾಯಾಲಯದ ನಿಯಮವಾಗಿತ್ತು. ನಮ್ಮ 1950ರ ಸೇನಾ ಕಾಯಿದೆಯೂ ಅವಿಧೇಯತೆಯನ್ನು ಶಿಕ್ಷಿಸುವಾಗ ‘ಕಾನೂನುಬದ್ಧ ಆಜ್ಞೆ’ ಎಂದೇ ಹೇಳುತ್ತದೆ. ಆ ಒಂದು ವಿಶೇಷಣದಲ್ಲಿ ದೊಡ್ಡ ಹೊರೆಯಿದೆ. ಆಜ್ಞೆ ಕಾನೂನಿಗೆ ಒಪ್ಪುವಂಥದೆ ಎಂದು ತಿಳಿಯಲು, ಪಾಲಿಸುವವನಿಗೂ ವಿವೇಕ ಇರಬೇಕಾಗುತ್ತದೆ. ಹಾಗಾದರೆ ಅಕಾಡೆಮಿಗೆ ಯಂತ್ರಗಳು ಸಾಲವು. ಅದಕ್ಕೆ ಮನುಷ್ಯರೇ ಬೇಕು.

ಖಡಕವಾಸಲೆಯಲ್ಲಿ ಕೆಡೆಟ್‌ಗಳು ಹೆಜ್ಜೆಗೆ ಹೆಜ್ಜೆ ಕೂಡಿಸುವ ಕವಾಯತಿನ ಮೈದಾನಕ್ಕೆ ಖೇತ್ರಪಾಲ್ ಮೈದಾನವೆಂದು ಹೆಸರು. ಅರುಣ್ ಖೇತ್ರಪಾಲ್ ಅದೇ ಅಕಾಡೆಮಿಯಲ್ಲಿ ಕಲಿತವರು. 1971ರ ಜೂನ್‌ನಲ್ಲಿ ಅಧಿಕಾರಿಯಾಗಿ, ಅದೇ ವರ್ಷದ ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ ಮಡಿದರು, ವಯಸ್ಸು 21. ಬೆಂಕಿ ಹತ್ತಿದ ಟ್ಯಾಂಕನ್ನು ಬಿಟ್ಟು ಬರುವಂತೆ ರೇಡಿಯೋದಲ್ಲಿ ಅವರಿಗೆ ಆಜ್ಞೆ ಬಂತು. ತೋಪು ಇನ್ನೂ ಕೆಲಸ ಮಾಡುತ್ತಿದೆ, ಬಿಡಲಾರೆನೆಂದು ಅವರು ಉತ್ತರಿಸಿದರು. ಮರಣಾನಂತರ ಅವರಿಗೆ ಪರಮವೀರ ಚಕ್ರ ಸಂದಿತು. ವಿಧೇಯತೆಯನ್ನು ಕಲಿಸುವ ನೆಲಕ್ಕೆ, ಆಜ್ಞೆಯೊಂದಕ್ಕೆ ಇಲ್ಲವೆಂದವರ ಹೆಸರು!

ಇದರಲ್ಲಿ ವಿರೋಧವಿದೆಯೆ? ನಮಗೆ ಹಾಗೆ ತೋರುವುದಿಲ್ಲ. ಅವರು ಮೀರಿದ್ದು ತಮ್ಮ ಪ್ರಾಣ ಉಳಿಸುವ ಆಜ್ಞೆಯನ್ನು; ಹಿಡಿದದ್ದು ಆ ಆಜ್ಞೆಗಿಂತ ದೊಡ್ಡದಾದ ಕರ್ತವ್ಯವನ್ನು. ಆಜ್ಞೆ ಮೀರಿದವರೆಲ್ಲರೂ ವೀರರಲ್ಲ. ತನ್ನ ಸುಖಕ್ಕಾಗಿ ಮೀರಿದವನು ಹೊಣೆಗೇಡಿ, ತನ್ನ ಸುಖವನ್ನು ಕಡೆಗಿಟ್ಟು ಮೀರಿದವನ ಮಾತೇ ಬೇರೆ. ಭೂಸೇನೆಯ ಕೆಡೆಟ್‌ಗಳು ಮುಂದೆ ತರಬೇತಿ ಪಡೆಯುವ ದೆಹರಾದೂನಿನ ಅಕಾಡೆಮಿಯಲ್ಲಿ, 1932ರಲ್ಲಿ ಚೆಟ್‌ವುಡ್ ಆಡಿದ ಮಾತುಗಳು ಇಂದಿಗೂ ಧ್ಯೇಯವಾಗಿವೆ: ದೇಶದ ಕ್ಷೇಮ, ಗೌರವಗಳು ಮೊದಲು, ಕೈಕೆಳಗಿನವರ ಹಿತ ಆಮೇಲೆ, ತನ್ನ ಸುಖ ಎಲ್ಲಕ್ಕಿಂತ ಕಡೆಗೆ. ಖಡಕವಾಸಲೆಯ ಧ್ಯೇಯವಾಕ್ಯ ‘ಸೇವಾ ಪರಮೋ ಧರ್ಮಃ’ ಎಂಬುದೂ ಇದನ್ನೇ ಹೇಳುತ್ತದೆ. ದಿನಚರಿಗೆ ದಿಕ್ಕು ಕೊಡುವುದು ಈ ಕ್ರಮ. ಇದು ಮರೆತುಹೋದರೆ ಬೆಳಗಿನ ಓಟ ಕೇವಲ ಕಾಲಿನ ಕಸುವು. ಹಿರಿಯನು ಕಿರಿಯನಿಗೆ ಕೊಡುವ ದಂಡನೆ ಕೇವಲ ಹಿಂಸೆ. ಗೆಳೆಯನ ಸುಳ್ಳನ್ನು ಮುಚ್ಚಿಡುವ ಒಗ್ಗಟ್ಟು ಕೇವಲ ಪಾಲುದಾರಿಕೆ.

ಆದ್ದರಿಂದ ಕೆಡೆಟ್ಟಿನ ನಿಜವಾದ ಪರೀಕ್ಷೆ ಮೈದಾನದಲ್ಲಿ ನಡೆಯುವುದಿಲ್ಲ. ಅಲ್ಲಿ ನೂರು ಕಣ್ಣುಗಳಿರುತ್ತವೆ. ಪರೀಕ್ಷೆ ನಡೆಯುವುದು ಬಾಗಿಲು ಮುಚ್ಚಿದ ಕೋಣೆಯಲ್ಲಿ. ಉತ್ತರಪತ್ರಿಕೆ ಬರೆಯುವಾಗ ಪಕ್ಕದವನದನ್ನು ನೋಡದಿರುವುದು, ತಪ್ಪು ಯಾರದೆಂದು ಕೇಳಿದಾಗ ಮುಂದೆ ಬಂದು ನನ್ನದೆನ್ನುವುದು, ಜೊತೆಗಾರನ ಕಾಲಿನ ಹುಣ್ಣು ಕಂಡು ಅವನ ಚೀಲವನ್ನು ತಾನು ಹೊರುವುದು ಇವಕ್ಕೆ ಯಾವ ತುತ್ತೂರಿಯೂ ಊದುವುದಿಲ್ಲ. ತುತ್ತೂರಿಯ ಕರೆಗೆ ವರ್ಷಗಟ್ಟಲೆ ಎದ್ದವನು, ತುತ್ತೂರಿಯಿಲ್ಲದ ಗಳಿಗೆಯಲ್ಲೂ ಎದ್ದರೆ ಶಿಕ್ಷಣ ಫಲಿಸಿತು. ಏಳದಿದ್ದರೆ ಅವನು ಕಲಿತದ್ದು ಶಬ್ದಕ್ಕೆ ಬೆಚ್ಚುವುದನ್ನು ಮಾತ್ರ.

2022ರಲ್ಲಿ ಈ ಅಕಾಡೆಮಿಗೆ ಮೊದಲ ಬಾರಿಗೆ ಹೆಣ್ಣುಮಕ್ಕಳು ಸೇರಿದರು. ಅವರಲ್ಲಿ 17 ಮಂದಿ 2025ರ ಮೇ ತಿಂಗಳಲ್ಲಿ ಶಿಕ್ಷಣ ಮುಗಿಸಿ ಹೊರಬಂದರು. ಇನ್ನು ನಮ್ಮ ಮನೆಗಳಲ್ಲಿ ಈ ಪ್ರಶ್ನೆಯನ್ನು ಕೇಳುವ ದನಿಗಳು ಇಮ್ಮಡಿಯಾಗಲಿವೆ. ಆಗ ನಾವು ಮಕ್ಕಳಿಗೆ ಕಟ್ಟಿಕೊಡಬೇಕಾದ ಬುತ್ತಿ ಯಾವುದು? ಅಪ್ಪಣೆಗೆ ತಲೆಬಾಗುವುದನ್ನು ಅಕಾಡೆಮಿ ಕಲಿಸುತ್ತದೆ. ಯಾವುದಕ್ಕೆ ಬಾಗಬಾರದೆಂಬ ಅಳುಕು ಮಾತ್ರ ಅದಕ್ಕೂ ಮೊದಲೇ, ಮನೆಯಲ್ಲಿ ಮೊಳೆತಿರಬೇಕು. ಸುಳ್ಳು ಹೇಳಿ ದಕ್ಕಿಸಿಕೊಂಡ ಮಗುವನ್ನು ಜಾಣನೆಂದು ಹೊಗಳಿದ ಮನೆ, ಆ ಬುತ್ತಿಯನ್ನು ಕಟ್ಟಲಾರದು.

ಗಡಿಯಾಚೆಗಿನ ಕನ್ನಡಿಗರಾದ ನಮಗೆ ಇದರ ರುಚಿ ಬೇರೊಂದು ರೀತಿಯಲ್ಲಿ ಗೊತ್ತಿದೆ. ಪೇಟೆಯ ಮಾತು ಮರಾಠಿಯಾದ ಊರಿನಲ್ಲಿ, ಮನೆಯೊಳಗೆ ಕನ್ನಡ ಆಡಿರೆಂದು ನಮಗೆ ಅಪ್ಪಣೆ ಮಾಡಿದವರಿಲ್ಲ. ಆಡದಿದ್ದರೆ ದಂಡಿಸುವವರೂ ಇಲ್ಲ. ಆದರೂ ತಲೆಮಾರುಗಳಿಂದ ಆಡುತ್ತ ಬಂದಿದ್ದೇವೆ. ಯಾರೂ ಕೇಳದಿದ್ದರೂ ತಾನೇ ತನಗೆ ಹಾಕಿಕೊಂಡ ಕಟ್ಟನ್ನು ದಿನವೂ ಪಾಲಿಸುವವನು ಯಾರ ಆಳೂ ಅಲ್ಲ. ಖಡಕವಾಸಲೆಯ ಹುಡುಗ ಹುಡುಗಿಯರು ಆರು ಟರ್ಮುಗಳ ಬೆವರಿನಲ್ಲಿ ಹುಡುಕುವುದೂ ಆ ಕಟ್ಟನ್ನೇ.