ವಿಜ್ಞಾನ ಕಾದಂಬರಿಯಲ್ಲಿ ಚಿತ್ರದ ಹೊಣೆ

ಸಾಮಾಜಿಕ ಕಾದಂಬರಿಯೊಂದರಲ್ಲಿ ಬರುವ ಆಲದ ಮರಕ್ಕೋ ತೊಟ್ಟಿಮನೆಗೋ ಚಿತ್ರ ಬರೆಯದಿದ್ದರೆ ಓದುಗನಿಗೆ ಹೆಚ್ಚೇನೂ ನಷ್ಟವಾಗುವುದಿಲ್ಲ. ಅಂಥ ಮರವನ್ನೂ ಮನೆಯನ್ನೂ ಆತ ಎಲ್ಲೋ ಕಂಡಿರುತ್ತಾನೆ, ಮಾತು ಆ ನೆನಪನ್ನು ಎಬ್ಬಿಸಿದರೆ ಸಾಕು. ವಿಜ್ಞಾನ ಕಾದಂಬರಿಯ, ಅಂದರೆ ವಿಜ್ಞಾನದ ಊಹೆಯೊಂದನ್ನು ಆಧಾರವಾಗಿಟ್ಟುಕೊಂಡು ಇನ್ನೂ ಇಲ್ಲದ ಲೋಕವನ್ನು ಕಟ್ಟುವ ಕಥನದ, ಸ್ಥಿತಿ ಬೇರೆ. ಅಲ್ಲಿನ ಯಂತ್ರವನ್ನಾಗಲಿ ಜೀವಿಯನ್ನಾಗಲಿ ಓದುಗನೂ ಕಂಡಿಲ್ಲ, ಲೇಖಕನೂ ಕಂಡಿಲ್ಲ. ಹೀಗಾಗಿ ಚಿತ್ರವು ಗೊತ್ತಿರುವ ವಸ್ತುವಿನ ಪ್ರತಿಯಾಗದೆ, ಖಾಲಿ ಸ್ಥಾನಕ್ಕೆ ಮೊದಲು ಬಂದು ಕೂರುವ ರೂಪವಾಗುತ್ತದೆ; ಹಾಗೆ ಕೂತದ್ದನ್ನು ಮತ್ತೆ ಎಬ್ಬಿಸುವುದು ಕಷ್ಟ. ಇಂಥ ಕಾದಂಬರಿಗೆ ಚಿತ್ರದಿಂದ ಏನಾದರೂ ಲಾಭವುಂಟೇ ಎಂಬ ಪ್ರಶ್ನೆಯು ಅಲಂಕಾರದ ಎಲ್ಲೆಯನ್ನು ದಾಟಿ ಅರ್ಥದ ಪ್ರಶ್ನೆಯಾಗುವುದು ಇಲ್ಲಿಯೇ.

ಪೋಲೆಂಡಿನ ತತ್ತ್ವಜ್ಞಾನಿ ರೋಮನ್ ಇಂಗಾರ್ಡನ್ ಸಾಹಿತ್ಯಕೃತಿಯ ಸ್ವರೂಪವನ್ನು ಕುರಿತು 1931ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಅನಿರ್ದಿಷ್ಟತೆಯ ತಾಣಗಳು’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟನು. ಯಾವ ಬರಹವೂ ತಾನು ಹೇಳುವ ವಸ್ತುವಿನ ಎಲ್ಲ ಗುಣಗಳನ್ನೂ ಹೇಳಿ ಮುಗಿಸಲಾರದು; ಹೇಳದೆ ಬಿಟ್ಟ ಎಡೆಗಳನ್ನು ಓದುಗನೇ ತುಂಬಿಕೊಳ್ಳುತ್ತಾನೆ ಎಂಬುದು ಅದರ ತಿರುಳು. ಗೆರೆಗೆ ಇಷ್ಟು ಸಲುಗೆಯಿಲ್ಲ: ಯಂತ್ರದ ಕಾಲನ್ನು ಬರೆಯಲು ಹೊರಟವನು ಅದರ ದಪ್ಪವನ್ನು ತೀರ್ಮಾನಿಸಲೇಬೇಕು. ಚಿತ್ರ ಬೇಡವೆನ್ನುವವರ ವಾದಕ್ಕೆ ಬಲ ಬರುವುದು ಇದರಿಂದಲೇ. ವಾರಪತ್ರಿಕೆಯ ಧಾರಾವಾಹಿಗಳನ್ನು ಓದಿ ಬೆಳೆದ ಕನ್ನಡ ಓದುಗರಿಗೂ ಈ ಅನುಭವ ಹೊಸದಲ್ಲ. ಕಲಾವಿದ ಮೊದಲ ಕಂತಿಗೆ ಬರೆದ ನಾಯಕಿಯ ಮುಖ ಕೊನೆಯ ಕಂತಿನವರೆಗೂ ಬೆನ್ನು ಬಿಡುವುದಿಲ್ಲ.

ಈ ವಾದಕ್ಕೆ ಎಚ್. ಜಿ. ವೆಲ್ಸ್‌ನೇ ಸಾಕ್ಷಿಯಾಗಿ ಸಿಗುತ್ತಾನೆ. ಮಂಗಳ ಗ್ರಹದವರು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬರುವ ಅವನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ 1897ರಲ್ಲಿ ‘ಪಿಯರ್ಸನ್ಸ್ ಮ್ಯಾಗಜೀನ್’ನಲ್ಲಿ ಧಾರಾವಾಹಿಯಾಗಿ ಬಂದಾಗ ಅದಕ್ಕೆ ಚಿತ್ರ ಬರೆದವನು ವಾರ್ವಿಕ್ ಗೋಬಲ್. ಮರುವರ್ಷ ಪುಸ್ತಕವಾಗುವ ಹೊತ್ತಿಗೆ ಕಾದಂಬರಿಯಲ್ಲಿ ಹೊಸದೊಂದು ಮಾತು ಸೇರಿತ್ತು: ಯುದ್ಧ ಮುಗಿದ ಮೇಲೆ ಹೊರಬಂದ ಕಿರುಹೊತ್ತಗೆಯೊಂದರ ಚಿತ್ರಕಾರನು ಮಂಗಳದವರ ಯಂತ್ರಗಳನ್ನು ಬಾಗು ಬಳುಕಿಲ್ಲದ ಸೆಟೆದ ಮುಕ್ಕಾಲಿಗಳಂತೆ ಬರೆದುಬಿಟ್ಟಿದ್ದಾನೆಂದೂ, ಚಿತ್ರಗಳಿಲ್ಲದಿದ್ದರೆ ಆ ಹೊತ್ತಗೆ ಇನ್ನೂ ಚೆನ್ನಾಗಿರುತ್ತಿತ್ತೆಂದೂ ಕಥೆ ಹೇಳುವವನು ದೂರುತ್ತಾನೆ. ಇದು ಗೋಬಲ್‌ಗೆ ಕೊಟ್ಟ ಪೆಟ್ಟೆಂದು ವಿಮರ್ಶಕರು ಓದಿದ್ದಾರೆ. ಆದರೆ ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮೆಚ್ಚಿಕೆಯಾಗದ ಚಿತ್ರವನ್ನು ತಳ್ಳಿಹಾಕುವ ನೆಪದಲ್ಲಿ ವೆಲ್ಸ್ ತನ್ನ ಯಂತ್ರಗಳ ಜೀವಂತ ಚಲನೆಯನ್ನು ಮೊದಲಿಗಿಂತ ಖಚಿತವಾಗಿ ಹೇಳಬೇಕಾಯಿತು, ಮೇಲಾಗಿ ಆ ಚಿತ್ರವನ್ನು ಕಥೆಯೊಳಗಿನ ಒಂದು ದಾಖಲೆಯಾಗಿಯೂ ಮಾಡಿಕೊಂಡನು. ಕೆಟ್ಟ ಚಿತ್ರವೂ ಪಠ್ಯಕ್ಕೆ ಏನನ್ನೋ ಕೊಟ್ಟಿತು ಎನ್ನಬೇಕಾಗುತ್ತದೆ.

ಚಿತ್ರವಿಲ್ಲದಿದ್ದರೆ ಓದುಗನ ಕಲ್ಪನೆ ಸ್ವತಂತ್ರವಾಗಿರುತ್ತದೆ ಎಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಗಬೇಕು. ತನ್ನ ಪಾಡಿಗೆ ಬಿಟ್ಟ ಕಲ್ಪನೆ ಹೋಗುವುದು ಪರಿಚಿತದ ಕಡೆಗೇ. ಅನ್ಯಗ್ರಹದ ಜೀವಿಯೆಂದರೆ ಅದು ಮನುಷ್ಯನನ್ನೇ ಸ್ವಲ್ಪ ತಿದ್ದಿ ಮುಗಿಸುತ್ತದೆ, ಯಂತ್ರವೆಂದರೆ ತನ್ನ ಕಾಲದ ಕಾರ್ಖಾನೆಯಿಂದ ಎರವಲು ತರುತ್ತದೆ. ಈ ಆಲಸ್ಯವನ್ನು ಮುರಿಯುವುದು ಒಳ್ಳೆಯ ಕಲಾವಿದನಿಗೆ ಸಾಧ್ಯ. ಅದೇ ಕಾದಂಬರಿಗೆ ಬ್ರೆಜಿಲ್‌ನ ಎನ್ರಿಕೆ ಆಲ್ವಿಂ ಕೊರೆಯಾ ಬರೆದ ಚಿತ್ರಗಳು 1906ರಲ್ಲಿ ಬ್ರಸೆಲ್ಸ್‌ನಲ್ಲಿ, 500 ಪ್ರತಿಗಳಷ್ಟೇ ಅಚ್ಚಾದ ಫ್ರೆಂಚ್ ಆವೃತ್ತಿಯಲ್ಲಿ ಪ್ರಕಟವಾದವು. ಕರಡು ಚಿತ್ರಗಳನ್ನು ಹಿಡಿದು ಆತ ಮೊದಲೇ ಲಂಡನ್ನಿಗೆ ಹೋಗಿ ವೆಲ್ಸ್‌ನನ್ನು ಕಂಡಿದ್ದನು, ವೆಲ್ಸ್ ಅವನ್ನು ಮೆಚ್ಚಿದ್ದನು. ಕೊರೆಯಾನ ಯಂತ್ರದ ಶಿರಭಾಗದಲ್ಲಿ ಕಣ್ಣುಗಳಂಥ ದೀಪಗಳಿವೆ, ಕೆಳಗೆ ಬಳ್ಳಿಯಂತೆ ಜೋತ ಬಾಹುಗಳಿವೆ, ಅದು ಮನೆಗಳ ಮೇಲಿಂದ ಬಗ್ಗಿ ಯಾವುದನ್ನೋ ಹುಡುಕುತ್ತಿರುವಂತೆ ತೋರುತ್ತದೆ. ಯಂತ್ರ ಹೇಗಿದೆ ಎಂಬ ವಿವರಕ್ಕಿಂತ, ಅದರ ಅಡಿಯಲ್ಲಿ ನಿಂತ ಊರು ಎಷ್ಟು ಸಣ್ಣದು ಎಂಬುದೇ ಅಲ್ಲಿ ಮುಖ್ಯ. ಗೋಬಲ್ ಒಂದು ವಸ್ತುವನ್ನು ಬರೆದನು, ಕೊರೆಯಾ ಒಂದು ಸಂಬಂಧವನ್ನು ಬರೆದನು. ವಿಜ್ಞಾನ ಕಾದಂಬರಿಗೆ ಚಿತ್ರದಿಂದ ಆಗುವ ಲಾಭ ಎರಡನೆಯ ದಾರಿಯಲ್ಲಿಯೇ ಇದೆ ಎನ್ನಬಹುದು.

ಜೂಲ್ ವೆರ್ನ್‌ನ ಕಾದಂಬರಿಗಳು ಈ ನಿಲುವಿಗೆ ಮೇಲ್ನೋಟಕ್ಕೆ ಎದುರಾಗಿ ನಿಲ್ಲುತ್ತವೆ. ಸಮುದ್ರದಡಿಯ ಪ್ರವಾಸದ ಕಥೆಯಲ್ಲಿ ನಾಟಿಲಸ್ ಜಲಾಂತರ್ನೌಕೆಯ ಉದ್ದ 70 ಮೀಟರ್, ಅಗಲ 8 ಮೀಟರ್ ಎಂದು ಪಠ್ಯವೇ ಅಳತೆ ಕೊಟ್ಟಿರುವುದರಿಂದ ಅನಿರ್ದಿಷ್ಟತೆಗೆ ಅಲ್ಲಿ ಜಾಗ ಕಡಿಮೆ, ಚಿತ್ರಕಾರನಿಗೆ ಕೆಲಸ ಸುಲಭ. ಆದರೂ ಪ್ರಕಾಶಕ ಎಟ್ಜೆಲ್ 1871ರಲ್ಲಿ ತಂದ ಸಚಿತ್ರ ಆವೃತ್ತಿಗೆ ರಿಯೂ ಮತ್ತು ನವಿಲ್ ಬರೆದ ಚಿತ್ರಗಳಲ್ಲಿ ಮನಸ್ಸಿನಲ್ಲಿ ಉಳಿಯುವುದು ನೌಕೆಯ ಆಕಾರವಲ್ಲ. ದೊಡ್ಡ ಗಾಜಿನ ಕಿಟಕಿಯಾಚೆಯ ಕಡಲನ್ನು ನೌಕೆಯೊಳಗಿನ ಮನುಷ್ಯರು ನಿಂತು ನೋಡುತ್ತಿರುವ ದೃಶ್ಯ.

ಮನುಷ್ಯನೊಬ್ಬ ಕೀಟವಾಗಿಬಿಡುವ ಕಾಫ್ಕಾನ ಕಥೆ ‘ರೂಪಾಂತರ’ ಕಟ್ಟುನಿಟ್ಟಾಗಿ ಈ ಪ್ರಕಾರಕ್ಕೆ ಸೇರದಿದ್ದರೂ ಚರ್ಚೆಯನ್ನು ಅದರ ಅಂಚಿಗೆ ಒಯ್ಯುತ್ತದೆ. 1915ರಲ್ಲಿ ಪುಸ್ತಕದ ಮುಖಪುಟ ಸಿದ್ಧವಾಗುತ್ತಿದ್ದಾಗ ಆತ ಪ್ರಕಾಶಕರಿಗೆ ಪತ್ರ ಬರೆದು, ಆ ಕೀಟವನ್ನು ದೂರದಿಂದ ಕಂಡಂತೆಯೂ ಬರೆಯಕೂಡದೆಂದು ಕೇಳಿಕೊಂಡನು. ಒಟೊಮಾರ್ ಸ್ಟಾರ್ಕೆ ಬರೆದ ಮುಖಪುಟದಲ್ಲಿ ಕೀಟವಿಲ್ಲ. ಅರೆತೆರೆದ ಬಾಗಿಲ ಹಿಂದೆ ಕತ್ತಲಿದೆ, ಮುಂದೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತ ತಿರುಗಿದ ಮನುಷ್ಯನಿದ್ದಾನೆ. ಕಾಣಬಾರದ್ದನ್ನು ಕಾಣಿಸದೆಯೇ ಅದರ ಪರಿಣಾಮವನ್ನು ತೋರಿಸಿದ ಈ ಚಿತ್ರವು, ಹೇಳದೆ ಬಿಟ್ಟ ಎಡೆಯನ್ನು ತುಂಬದೆ ಅದರ ಸುತ್ತ ಕಟ್ಟೆ ಕಟ್ಟುತ್ತದೆ. ಚಿತ್ರ ಬೇಡವೆನ್ನುವವರು ಉತ್ತರಿಸಬೇಕಾದದ್ದು ಇದಕ್ಕೆ.

ಚಿತ್ರ ಬೇಗ ಹಳತಾಗುತ್ತದೆ ಎಂಬ ಆಕ್ಷೇಪ ನಿಜವೇ ಆದರೂ ಅಷ್ಟು ಗಂಭೀರವಲ್ಲ. ಆಲ್ಬೆರ್ ರೊಬಿಡಾ 1883ರಲ್ಲಿ ತಾನೇ ಬರೆದು ತಾನೇ ಚಿತ್ರಿಸಿದ ‘ಇಪ್ಪತ್ತನೆಯ ಶತಮಾನ’ದಲ್ಲಿ ಮನೆಯಲ್ಲೇ ಕೂತು ನಾಟಕ ನೋಡುವ ಪರದೆಯುಂಟು, ನೋಡುವವರ ಉಡುಗೆ ಮಾತ್ರ ರೊಬಿಡಾನ ಕಾಲದ್ದೇ. ಲೇಖಕ ಯಾವುದನ್ನು ಊಹಿಸಲಾರದೆ ಹೋದನು ಎಂಬುದನ್ನು ಪಠ್ಯ ಮುಚ್ಚಿಡಬಲ್ಲದು, ಚಿತ್ರ ಮುಚ್ಚಿಡಲಾರದು.

ಹೆಚ್ಚು ಚಿಂತೆ ಹುಟ್ಟಿಸಬೇಕಾದದ್ದು ಬೇರೆಯೇ ಇದೆ. ದೊಡ್ಡವರ ಕಾದಂಬರಿಗಳ ಒಳಪುಟಗಳಿಂದ ಚಿತ್ರಗಳು ಬಹುಮಟ್ಟಿಗೆ ಮರೆಯಾಗಿ ಇಂದು ಮುಖಪುಟದ ಚಿತ್ರವೊಂದೇ ಉಳಿದಿದೆ. ಒಳಪುಟದ ಚಿತ್ರವು ಸುತ್ತಲಿನ ವಾಕ್ಯಗಳ ನಡುವೆ ನಿಂತು ಓದುಗನ ತಕರಾರನ್ನು ಎದುರಿಸಬೇಕಿತ್ತು. ಮುಖಪುಟವಾದರೋ ಅಂಗಡಿಯ ಕಪಾಟಿನಲ್ಲಿ ಕಣ್ಸೆಳೆಯುವುದಕ್ಕಾಗಿ, ಎಷ್ಟೋ ಸಲ ಲೇಖಕನನ್ನು ಕೇಳದೆಯೇ ಸಿದ್ಧವಾಗುತ್ತದೆ ಮತ್ತು ಮೊದಲ ವಾಕ್ಯಕ್ಕೂ ಮುನ್ನ ಖಾಲಿ ಸ್ಥಾನವನ್ನು ತುಂಬಿಬಿಡುತ್ತದೆ.